ಮನೆ ಬಿಟ್ಟ ಹುಡುಗನಿಗೆ ಇನ್ನೊಂದು ಮನೆ

ಮನೆಯಲ್ಲಿ ಹದಿಮೂರು, ಹದಿನಾಲ್ಕು ವರ್ಷದ ಹುಡುಗನಿದ್ದರೆ ಆ ಮನೆಯ ಹಿರಿಯರಿಗೆ ನಾನು ಇಲ್ಲಿ ಹೇಳಹೊರಟಿರುವ ಸಂಗತಿ ತೀರ ಹೊಸದೇನೂ ಅಲ್ಲ. ನಿನ್ನೆ ಮೊನ್ನೆಯವರೆಗೆ ಕರೆದರೆ ಓಡಿ ಬರುತ್ತಿದ್ದ ಹುಡುಗ ಈಗ ಮೂರು ಸಲ ಕರೆದರೂ ಓಗೊಡುವುದಿಲ್ಲ. ಓಗೊಟ್ಟರೂ ಮಾತು ಒರಟು. ಸಾಲೆಗೆಂದು ಹೊರಟವನು ಸಾಲೆಯಲ್ಲಿರುವುದಿಲ್ಲ; ಎಲ್ಲಿದ್ದೆಯೆಂದು ಕೇಳಿದರೆ ನಿಜ ಹೇಳುವುದಿಲ್ಲ. ತಂದೆಯ ಕಿಸೆಯೊಳಗಿನ ಹಣ ಒಂದು ದಿನ ಕಡಿಮೆಯಾಗುತ್ತದೆ. ಓಣಿಯ ಜನ 'ಹುಡುಗ ಉಡಾಳಾದ' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಆ ಹೆಸರು ಒಮ್ಮೆ ಅಂಟಿತೆಂದರೆ ಬಿಡಿಸುವುದು ಕಷ್ಟ. ಕೊನೆಗೆ ಹುಡುಗನೂ ಅದನ್ನು ತನ್ನ ನಿಜವಾದ ಹೆಸರೆಂದೇ ನಂಬತೊಡಗುತ್ತಾನೆ.

ಇಂಥ ಹೊತ್ತಿನಲ್ಲಿ ನೆರೆಹೊರೆಯವರು ಎರಡು ಔಷಧ ಹೇಳುತ್ತಾರೆ. ಒಂದು, ನಾಲ್ಕು ಬಡಿಯಿರಿ, ಸರಿಹೋಗುತ್ತಾನೆ. ಎರಡು, ಎಲ್ಲಿಯಾದರೂ ಕಳಿಸಿಬಿಡಿರಿ. ಮೊದಲನೆಯದರ ಫಲ ಬಹುಮಟ್ಟಿಗೆ ಎಲ್ಲರಿಗೂ ಗೊತ್ತು. ಬಡಿದಷ್ಟೂ ಹುಡುಗ ಸುಳ್ಳು ಹೇಳುವುದರಲ್ಲಿ ಜಾಣನಾಗುತ್ತಾನೆ. ಎರಡನೆಯದನ್ನು ಕುರಿತು ಸ್ವಲ್ಪ ವಿಚಾರ ಮಾಡಬೇಕಾಗಿದೆ. 'ಬಾಲಮಂದಿರಕ್ಕೆ ಹಾಕಿಸುತ್ತೇನೆ ನೋಡು' ಎಂದು ಮಕ್ಕಳನ್ನು ಹೆದರಿಸುವ ರೂಢಿ ನಮ್ಮಲ್ಲಿದೆ. ಹುಡುಗನಿಗೆ ಕೊನೆಯ ಆಸರೆಯಾಗಬೇಕಾದ ಮನೆಯನ್ನು ಹೀಗೆ ಗುಮ್ಮನ ಗವಿ ಮಾಡಿಟ್ಟಿದ್ದೇವೆ. ದಾರಿ ತಪ್ಪಿದ ಹುಡುಗ ತನ್ನ ಮನೆಯಿಂದಾಚೆ, ಇನ್ನೊಂದು ಸೂರಿನ ಕೆಳಗೆ ಬೆಳೆದು ಒಳ್ಳೆಯವನಾಗಬಲ್ಲನೆ? ಆಗುವುದಾದರೆ ಆ ಸೂರು ಎಂಥದಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಕುಂದಗೋಳದಲ್ಲಿಯೇ ಅದಕ್ಕೊಂದು ಹಳೆಯ ಉದಾಹರಣೆಯಿದೆ.

ಗದಗ ಸೀಮೆ ಇನ್ನೂ ಧಾರವಾಡ ಜಿಲ್ಲೆಯಲ್ಲಿಯೇ ಇದ್ದ ಕಾಲ. ಅಲ್ಲಿ ಗುರುರಾಜ ಜೋಶಿಯವರೆಂಬ ಮಾಸ್ತರರಿದ್ದರು. 1922ರ ಫೆಬ್ರುವರಿ 4ರಂದು ಅವರಿಗೊಬ್ಬ ಮಗ ಹುಟ್ಟಿದ. ಮನೆ ತುಂಬ ಮಕ್ಕಳು, ಇವನೇ ಹಿರಿಯ. ಈ ಹುಡುಗನಿಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೀದಿಯಲ್ಲಿ ಭಜನೆಯ ಮೇಳ ಹೋದರೆ ಅದರ ಹಿಂದೆ, ಮೆರವಣಿಗೆಯ ವಾದ್ಯ ಹೋದರೆ ಅದರ ಹಿಂದೆ. ಹೋದವನು ದಣಿದು ಎಲ್ಲಿಯೋ ಮಲಗಿಬಿಡುತ್ತಿದ್ದ. ಹಿರಿಯರು ಊರೆಲ್ಲ ಹುಡುಕಬೇಕು. ಬೇಸತ್ತ ತಂದೆ ಅವನ ಅಂಗಿಯ ಮೇಲೆಯೇ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದ್ದರಂತೆ. ಕಂಡವರು ಮನೆಗೆ ತಂದು ಮುಟ್ಟಿಸಲಿ ಎಂದು. ಈ ಕತೆಯನ್ನು ಕೇಳಿದವರು ನಗುತ್ತಾರೆ. ಆದರೆ ಆ ತಂದೆಗೆ ಅದು ನಗೆಯ ಮಾತಾಗಿರಲಿಲ್ಲ.

1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ನಿಜವಾಗಿಯೂ ಮನೆ ಬಿಟ್ಟ. ಊಟದ ಹೊತ್ತಿನಲ್ಲಿ ತುಪ್ಪಕ್ಕಾಗಿ ಬಂದ ಸಿಟ್ಟೇ ಅದಕ್ಕೆ ನೆಪವಾಯಿತೆಂದು ಹೇಳುತ್ತಾರೆ. ಇಲ್ಲಿ ತಾಯ್ತಂದೆಗಳು ಒಂದು ಮಾತನ್ನು ಗಮನಿಸಬೇಕು. ಮಕ್ಕಳು ಮನೆ ಬಿಡುವುದಕ್ಕೆ ನೆಪ ಯಾವಾಗಲೂ ಸಣ್ಣದಿರುತ್ತದೆ; ಕಾರಣ ಮಾತ್ರ ಸಣ್ಣದಿರುವುದಿಲ್ಲ. ಈ ಹುಡುಗನ ಕಾರಣ ಸಂಗೀತ. ಅಬ್ದುಲ್ ಕರೀಮ್ ಖಾನರ ಗ್ರಾಮೊಫೋನ್ ತಟ್ಟೆಯೊಂದನ್ನು ಕೇಳಿದ ಮೇಲೆ ಹಾಗೆ ಹಾಡುವುದನ್ನು ಬಿಟ್ಟು ಬೇರೇನೂ ಅವನಿಗೆ ಬೇಕಾಗಿರಲಿಲ್ಲ. ತನಗೆ ಬೇಕಾದುದನ್ನು ಮನೆಯವರಿಗೆ ತಿಳಿಯುವಂತೆ ಹೇಳುವ ಶಕ್ತಿ ಆ ವಯಸ್ಸಿಗಿಲ್ಲ. ಹೇಳಲಾಗದ್ದನ್ನು ಹುಡುಗರು ನಡತೆಯಿಂದ ತೋರಿಸುತ್ತಾರೆ. ನಾವು ಆ ನಡತೆಗೆ ಉಡಾಳತನವೆಂದು ಹೆಸರಿಡುತ್ತೇವೆ.

ವಿಜಾಪುರ, ಪುಣೆ, ಗ್ವಾಲಿಯರ್, ಕಲಕತ್ತೆ, ದಿಲ್ಲಿ — ಮೂರು ವರ್ಷ ಅವನು ಅಲೆದ. ಕೈಯಲ್ಲಿ ಚೀಟಿಯಿಲ್ಲದೆ ರೈಲಿನಲ್ಲಿ ಹೋದ. ಚೀಟಿ ಕೇಳಲು ಬಂದವರಿಗೆ ಹಾಡಿ ಪಾರಾದ. ಇವನಂತೆ ಅಲೆದ ಹುಡುಗರೆಷ್ಟೋ ಮಂದಿ ದಾರಿಯಲ್ಲಿಯೇ ಕಳೆದುಹೋದರು, ಅವರ ಹೆಸರು ನಮಗೆ ಗೊತ್ತಿಲ್ಲ. ಈತ ಉಳಿದದ್ದು ಎರಡು ಕಾರಣದಿಂದ. ತಂದೆ ಹುಡುಕುವುದನ್ನು ಬಿಡಲಿಲ್ಲ. ಕೊನೆಗೆ ಪಂಜಾಬದ ಜಾಲಂಧರದಲ್ಲಿ ಪತ್ತೆ ಹಚ್ಚಿ ಕರೆತಂದರು. ಇನ್ನೊಂದು, ಅದೇ ಜಾಲಂಧರದಲ್ಲಿ ಭೆಟ್ಟಿಯಾದ ಗಾಯಕ ವಿನಾಯಕರಾವ ಪಟವರ್ಧನರು ಹೇಳಿದ ಬುದ್ಧಿಮಾತು. ಇಷ್ಟು ದೂರ ಯಾಕೆ ಅಲೆಯುತ್ತೀ, ನಿನ್ನ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿದ್ದಾರಲ್ಲ ಎಂಬುದು ಆ ಮಾತಿನ ತಾತ್ಪರ್ಯ. 1936ರಲ್ಲಿ ಹುಡುಗ ಕುಂದಗೋಳಕ್ಕೆ, ಗುರುವಿನ ಮನೆಗೆ ಬಂದ. ಆತನೇ ಮುಂದೆ 2008ರಲ್ಲಿ ಭಾರತರತ್ನ ಪದವಿ ಪಡೆದ ಪಂಡಿತ ಭೀಮಸೇನ ಜೋಶಿ.

ಭೀಮಸೇನರ ಹಾಡಿಕೆಯ ವಿಷಯವನ್ನು ಹೇಳಲು ಬೇರೆ ಬಲ್ಲವರಿದ್ದಾರೆ. ನಮಗೆ ಇಲ್ಲಿ ಬೇಕಾದದ್ದು ಹದಿನಾಲ್ಕರಿಂದ ಹದಿನೆಂಟರವರೆಗಿನ ಆ ಹುಡುಗ. ಮೂರು ವರ್ಷ ಯಾರ ಮಾತನ್ನೂ ಕೇಳದೆ ದೇಶ ತಿರುಗಿದವನು ಕುಂದಗೋಳದಂಥ ಸಣ್ಣ ಊರಿನ ಒಂದೇ ಮನೆಯಲ್ಲಿ ನಾಲ್ಕು ವರ್ಷ ನಿಂತನಲ್ಲ, ಅದು ಹೇಗೆ? ಹೊರಗೆ ಹೋಗಲು ಆ ಮನೆಗೆ ಬೀಗವಿರಲಿಲ್ಲ. ರೈಲು ನಿಲ್ದಾಣ ಊರಲ್ಲಿಯೇ ಇತ್ತು. ಓಡಿಹೋಗುವ ದಾರಿಯನ್ನು ಅವನಷ್ಟು ಬಲ್ಲವರು ಆ ಊರಿನಲ್ಲಿ ಬೇರೆ ಯಾರೂ ಇದ್ದಿರಲಾರರು.

ಮೊದಲನೆಯದಾಗಿ, ಅವನಿಗೆ ಬೇಕಾದದ್ದು ಆ ಮನೆಯಲ್ಲಿತ್ತು. ಆದರೆ ಅದು ಕೂಡಲೆ ಕೈಗೆ ಸಿಕ್ಕಲಿಲ್ಲ. ಬಹುದಿನ ಮನೆಗೆಲಸವೇ ಪಾಠ; ಕೊಡಗಟ್ಟಲೆ ನೀರು ಹೊರುವುದು, ಹೇಳಿದ ಚಾಕರಿ ಮಾಡುವುದು, ಗುರುಗಳು ಬೇರೆಯವರಿಗೆ ಹೇಳಿಕೊಡುವಾಗ ಕಿವಿಗೊಟ್ಟು ಕೂಡುವುದು. ಆಮೇಲೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆಗೆ ಪೂರಿಯಾ. ಇವೇ ರಾಗಗಳನ್ನು ಮತ್ತೆ ಮತ್ತೆ ತಿಕ್ಕುವುದು. ಹೊತ್ತಿಗೊಂದು ಕೆಲಸ, ಕೆಲಸಕ್ಕೊಂದು ಹೊತ್ತು. ಅಲೆದು ಅಲೆದು ಹೊತ್ತಿನ ಲೆಕ್ಕವನ್ನೇ ಕಳೆದುಕೊಂಡ ಹುಡುಗನಿಗೆ ದಿನವೊಂದು ಆಕಾರಕ್ಕೆ ಬಂದು ನಿಲ್ಲುವುದೇ ಅರ್ಧ ಚಿಕಿತ್ಸೆ. ನಾಳೆ ಬೆಳಿಗ್ಗೆ ಏನಾಗುತ್ತದೆಂದು ಮೊದಲೇ ಗೊತ್ತಿರುವುದು ನಮಗೆ ಬೇಸರದ ಸಂಗತಿ. ಅವನಿಗೆ ಅದು ಸಮಾಧಾನದ ಸಂಗತಿ.

ಎರಡನೆಯದು, ಆ ಮನೆಯ ಯಜಮಾನರು ಬದಲಾಗಲಿಲ್ಲ. ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ಇಂದು ಒಬ್ಬರು, ನಾಳೆ ಇನ್ನೊಬ್ಬರು ಎನ್ನುವಂತೆ ಬಂದು ಹೋಗುವ ಅಧಿಕಾರಿಯಲ್ಲ. ಅದೇ ಮುಖ, ಅದೇ ದನಿ, ಅದೇ ಶಿಸ್ತು ನಾಲ್ಕು ವರ್ಷ. ಹುಡುಗ ಅವರಿಗೆ ಹೆದರಿದ್ದಾನು. ಆದರೆ ಇವರು ನನ್ನನ್ನು ಬಿಟ್ಟುಹೋಗುವುದಿಲ್ಲ ಎಂಬ ಭರವಸೆಯೂ ಅವನಿಗಿತ್ತು. ಭರವಸೆಯಿದ್ದಲ್ಲಿ ಹೆದರಿಕೆ ಗೌರವವಾಗುತ್ತದೆ, ಇಲ್ಲದಲ್ಲಿ ದ್ವೇಷವಾಗುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಆ ದಿನಗಳಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಕತ್ತಲೆ. ಅವರನ್ನು ನಿಲ್ದಾಣದವರೆಗೆ ಕರೆದೊಯ್ದು ಬಿಟ್ಟು ಬರುವ ಕೆಲಸ ಈ ಹುಡುಗನ ಪಾಲಿಗೆ ಬಂದಿತ್ತೆಂದು ಸಂಗೀತಗಾರರಲ್ಲಿ ಪ್ರತೀತಿ. ವಿಚಾರ ಮಾಡಿ ನೋಡಿರಿ. ರೈಲು ಕಂಡರೆ ಹತ್ತಿ ಓಡಿಹೋಗುತ್ತಿದ್ದವನಿಗೆ, ಇನ್ನೊಬ್ಬರನ್ನು ಕ್ಷೇಮವಾಗಿ ರೈಲಿಗೆ ಹತ್ತಿಸಿ ತಾನು ತಿರುಗಿ ಮನೆಗೆ ಬರುವ ಕೆಲಸ! ಯಾರೂ ಕಾವಲಿಲ್ಲ, ಬರುತ್ತಾನೆಂಬ ನಂಬಿಕೆಯೊಂದೇ. ಅವನು ಬಂದ. ದಿನವೂ ಬಂದ. ಹುಡುಗನಿಗೆ ಬುದ್ಧಿ ಹೇಳುವವರು ಬಹಳ ಜನ. ಜವಾಬ್ದಾರಿ ಒಪ್ಪಿಸುವವರು ವಿರಳ.

ಇಷ್ಟು ಹೇಳಿದೆನೆಂದು ಹಳೆಯ ಗುರುಮನೆಗಳಲ್ಲಿ ಎಲ್ಲವೂ ಚಂದವಿತ್ತೆಂದು ತಿಳಿಯಬಾರದು. ಅಲ್ಲಿ ಏಟುಗಳಿದ್ದವು, ಹಸಿವೆಯಿತ್ತು, ಬೇನೆ ಬಂದರೆ ನೋಡುವವರಿಲ್ಲದ ದಿನಗಳೂ ಇದ್ದವು. ಇಂದು ಹಾಗೆ ಮಾಡಿದರೆ ತಪ್ಪು, ಕಾನೂನಿನಲ್ಲಿ ಅಪರಾಧ. ಮೇಲಾಗಿ ಎಲ್ಲ ಹುಡುಗರಿಗೂ ಭೀಮಸೇನರ ಕಂಠವಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕುಂದಗೋಳ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಪಂಚಾಕ್ಷರಿ ಗವಾಯಿಗಳು ಅವರನ್ನು ತಮ್ಮ ಬಳಿಗೆ ತಂದು ಬೆಳೆಸಿದರು; ಅವರೂ ದೊಡ್ಡ ಗಾಯಕರಾದರು. ಆದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹಿರಿಮೆಯನ್ನು ಅಲ್ಲಿಂದ ಬಂದ ದೊಡ್ಡ ಗಾಯಕರ ಸಂಖ್ಯೆಯಿಂದಷ್ಟೇ ಅಳೆಯಬಾರದು. ಯಾರಿಗೂ ಬೇಡವಾಗಿದ್ದ ಅಂಧ ಮಕ್ಕಳು, ಅನಾಥ ಮಕ್ಕಳು ಅಲ್ಲಿ ಉಂಡು, ಕಲಿತು, ತಮ್ಮ ಅನ್ನ ತಾವು ಗಳಿಸುವಷ್ಟಾದರಲ್ಲ, ಅದು ನಿಜವಾದ ಅಳತೆ. 2002ರಿಂದ ಧಾರವಾಡ ತಾಲೂಕಿನ ಕಲಕೇರಿಯಲ್ಲಿ ನಡೆದುಬಂದಿರುವ ಸಂಗೀತ ವಿದ್ಯಾಲಯದಲ್ಲಿಯೂ ಬಡ ಮನೆಗಳ ಮಕ್ಕಳು ಅಲ್ಲಿಯೇ ಇದ್ದು, ಖರ್ಚಿಲ್ಲದೆ, ಸಾಲೆಯ ಪಾಠದ ಜೊತೆಗೆ ಹಾಡಿಕೆ ಬಾರಿಸಾಣಿಕೆಗಳನ್ನು ಕಲಿಯುತ್ತಾರೆ. ಎಲ್ಲರೂ ಗವಾಯಿಗಳಾಗಲೆಂದಲ್ಲ; ಒಂದು ವಿದ್ಯೆಯನ್ನು ಬೆನ್ನು ಹತ್ತಿ ಕಲಿತ ಮಗು ಉಳಿದ ವಿದ್ಯೆಗೂ ಹೆದರುವುದಿಲ್ಲ ಎಂಬುದಕ್ಕಾಗಿ.

ಇವು ಗುರುಗಳೂ ಸಜ್ಜನರೂ ಕಟ್ಟಿದ ಮನೆಗಳು. ಇವು ಸಿಗದ ಮಕ್ಕಳ ಗತಿಯೇನು? ಕಳವು ಮಾಡಿದ, ಹೊಡೆದಾಡಿದ, ಪೊಲೀಸರ ಕೈಗೆ ಸಿಕ್ಕ ಹುಡುಗನ ಗತಿಯೇನು? ಇಲ್ಲಿ ಸರಕಾರ ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಹುಡುಗನಿಗೆ ದೊಡ್ಡವರ ಜೇಲೇ ಗತಿಯಾಗಿತ್ತು. 1876ರಲ್ಲಿ, ಮತ್ತೆ 1897ರಲ್ಲಿ ಸುಧಾರಣಾ ಶಾಲೆಗಳ ಕಾಯಿದೆಗಳಾದವು. 1919-20ರ ಜೇಲು ಸಮಿತಿ, ಮಕ್ಕಳನ್ನು ದೊಡ್ಡ ಕೈದಿಗಳಿಂದ ಬೇರೆ ಇಡಬೇಕು, ಅವರ ವಿಚಾರಣೆಯೂ ಬೇರೆ ನಡೆಯಬೇಕು ಎಂದು ಒತ್ತಿ ಹೇಳಿತು. ನಮ್ಮ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. ಅಲ್ಲಿ 1924ರಲ್ಲಿ ಮಕ್ಕಳ ಕಾಯಿದೆ, 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯಿದೆ ಬಂದವು. ಬೋರ್ಸ್ಟಲ್ ಎಂಬುದು ಇಂಗ್ಲಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿ. ತರುಣ ಅಪರಾಧಿಗಳಿಗೆ ಶಿಕ್ಷೆಗಿಂತ ಶಿಕ್ಷಣ ಮೇಲೆಂಬ ಪ್ರಯೋಗ 1902ರಲ್ಲಿ ಅಲ್ಲಿ ನಡೆಯಿತು. ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಯಿತು. ಅಂಥದೊಂದು ಶಾಲೆ ನಮ್ಮ ಧಾರವಾಡದಲ್ಲಿಯೂ ನಡೆಯಿತು.

ಸ್ವಾತಂತ್ರ್ಯದ ತರುವಾಯ, 1964ರಲ್ಲಿ ನಮ್ಮ ರಾಜ್ಯವೇ ಮಕ್ಕಳ ಕಾಯಿದೆ ಮಾಡಿತು. 1986ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯಿದೆ ಬಂದಿತು. 2000ದ ಕಾಯಿದೆ ಹುಡುಗ ಹುಡುಗಿಯರಿಬ್ಬರಿಗೂ ಹದಿನೆಂಟು ವರ್ಷದ ಮಿತಿಯನ್ನು ಗೊತ್ತುಮಾಡಿತು. ಈಗ ನಡೆಯುತ್ತಿರುವುದು 2015ರ ಕಾಯಿದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಆಸರೆಯಿಲ್ಲದ ಮಗುವಿನ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ. ಅಪರಾಧದ ಆರೋಪ ಹೊತ್ತ ಮಗುವಿನ ವಿಷಯವನ್ನು ಬಾಲನ್ಯಾಯ ಮಂಡಳಿ ನೋಡುತ್ತದೆ. ಸಿಕ್ಕ ಮಗುವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಇವರ ಮುಂದೆ ಕರೆತರಬೇಕು. ಮೊದಲನೆಯವರಿಗೆ ಬಾಲಮಂದಿರ, ಎರಡನೆಯವರಿಗೆ ವೀಕ್ಷಣಾಲಯ. ಇವೆರಡನ್ನೂ ಒಂದೇ ಎಂದು ತಿಳಿಯುವುದು ದೊಡ್ಡ ತಪ್ಪು. ಬಾಲಮಂದಿರದ ಹುಡುಗ ಯಾವ ಅಪರಾಧವನ್ನೂ ಮಾಡಿದವನಲ್ಲ. ಅಪರಾಧವಾದದ್ದು, ಆಗಿದ್ದರೆ, ಅವನ ಮೇಲೆ.

ಈ ಕಾಯಿದೆಯ ಒಂದು ತತ್ತ್ವವನ್ನು ನೆನಪಿಡಿರಿ. ಮಗುವಿಗೆ ತನ್ನ ಮನೆಯೇ ಮೊದಲ ಸ್ಥಾನ. ಸಂಸ್ಥೆ ಕೊನೆಯ ಉಪಾಯ. ಮನೆಯ ಬಡತನವೊಂದೇ ತೊಡಕಾಗಿದ್ದರೆ, ಮಗುವನ್ನು ಎತ್ತಿಕೊಂಡು ಹೋಗುವುದಕ್ಕಿಂತ ಮನೆಗೇ ನೆರವು ಕೊಡುವುದು ಮೇಲು. ಅರ್ಹ ಮಕ್ಕಳಿಗೆ ಪ್ರಾಯೋಜಕತ್ವದ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡುವ ಏರ್ಪಾಡನ್ನು 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಾಡಲಾಗಿದೆ. ನವಲಗುಂದ, ಅಣ್ಣಿಗೇರಿಗಳ ಎರಿ ಹೊಲದಲ್ಲಿ ಮಳೆ ಕೈಕೊಟ್ಟ ವರ್ಷ ತಂದೆ ತಾಯಿ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುತ್ತಾರೆ. ಬೆಳೆದ ಹುಡುಗ ಅಜ್ಜಿಯ ಬಳಿ ಉಳಿಯುತ್ತಾನೆ. ಅಜ್ಜಿಗೆ ಅವನ ಹಿಂದೆ ಓಡಲು ಕಾಲಿಲ್ಲ. ಕಲಘಟಗಿಯ ಕಡೆಯ ಕಾಡಂಚಿನ ಊರುಗಳಲ್ಲಿ ಹೈಸ್ಕೂಲು ದೂರ. ಎಂಟನೆಯ ಇಯತ್ತೆಗೆ ಬಿಟ್ಟವನಿಗೆ ಹೊತ್ತು ಕಳೆಯಲು ಸಂತೆಕಟ್ಟೆಯೇ ಗತಿ. ಇಂಥ ಹುಡುಗನ ದೋಷವನ್ನು ಅವನೊಬ್ಬನ ಲೆಕ್ಕಕ್ಕೆ ಬರೆಯುವ ಮೊದಲು ಇಷ್ಟನ್ನು ಕಳೆದು ನೋಡಬೇಕು.

ಇನ್ನು ಹುಡುಗ ಬಾಲಮಂದಿರಕ್ಕೆ ಬಂದನೆನ್ನೋಣ. ಮೊದಲಿನ ವಾರಗಳು ಕಠಿಣ. ಹಸಿದು ಬಾಳಿದವನು ಊಟದ ತಟ್ಟೆಯಿಂದ ಎರಡು ರೊಟ್ಟಿ ತೆಗೆದು ಹಾಸಿಗೆಯ ಕೆಳಗೆ ಅಡಗಿಸಿಡುತ್ತಾನೆ. ನಾಳೆ ಊಟ ಸಿಕ್ಕೀತೆಂಬ ನಂಬಿಕೆ ಅವನಿಗಿಲ್ಲ. ಏಟು ತಿಂದು ಬಾಳಿದವನು, ಯಾರಾದರೂ ಕೈ ಎತ್ತಿದರೆ ತಲೆ ತಗ್ಗಿಸುತ್ತಾನೆ. ಪ್ರೀತಿ ತೋರಿಸಿದವರ ಮೇಲೆಯೇ ಹೆಚ್ಚು ಹರಿಹಾಯುತ್ತಾನೆ. ಇದು ಕೃತಘ್ನತೆಯಲ್ಲ, ಪರೀಕ್ಷೆ. ಇಷ್ಟು ಕೆಟ್ಟವನಾದರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರೆಯೆ ಎಂದು ಅವನು ನಮ್ಮನ್ನು ಪರೀಕ್ಷಿಸುತ್ತಿರುತ್ತಾನೆ. ಅಲ್ಲಿಯ ಮೇಲ್ವಿಚಾರಕರು ಆ ಪರೀಕ್ಷೆಯಲ್ಲಿ ಪಾಸಾದರೆ ಹುಡುಗ ಬದಲಾಗಲು ಆರಂಭಿಸುತ್ತಾನೆ. ನಪಾಸಾದರೆ ಗೋಡೆ ಹಾರುತ್ತಾನೆ. ಬದಲಾವಣೆಯೂ ಸರಳರೇಖೆಯಲ್ಲಿ ನಡೆಯುವುದಿಲ್ಲ. ಮೂರು ತಿಂಗಳು ನೆಟ್ಟಗಿದ್ದವನು ಒಂದು ಹಬ್ಬದ ದಿನ, ಮನೆಯ ನೆನಪಾಗಿ, ಮತ್ತೆ ಮೊದಲಿನಂತಾಗುತ್ತಾನೆ. ಆ ದಿನ 'ಇವನು ತಿದ್ದುವವನಲ್ಲ' ಎಂದು ಕೈಬಿಟ್ಟವರು ಮೂರು ತಿಂಗಳ ಬೆಳೆಯನ್ನು ತಾವೇ ಕೊಯ್ದು ಬಿಸಾಡಿದಂತಾಗುತ್ತದೆ.

ಈ ಮಾತಿಗೆ ಬಲವಾದ ಆಧಾರವಿದೆ. ಹವಾಯಿ ದ್ವೀಪಗಳಲ್ಲಿ ಕಾವಾಯಿ ಎಂಬುದೊಂದು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿದುಷಿಯೂ ಅವರ ಸಂಗಡಿಗರೂ ಬಾಲ್ಯದಿಂದ ನಡುವಯಸ್ಸಿನವರೆಗೆ ಬಿಡದೆ ಗಮನಿಸಿದರು. ಬಡತನ, ಕುಡಿತ, ಮನೆಯ ಜಗಳಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು, ಯಾವ ತೊಡಕಿಗೂ ಸಿಕ್ಕದೆ, ನೆಟ್ಟಗಿನ ಗೃಹಸ್ಥರಾಗಿ ಬೆಳೆದಿದ್ದರು. ಅವರಿಗಿದ್ದ ಆಸರೆಗಳಲ್ಲಿ ಮುಖ್ಯವಾದುದೊಂದು ಸರಳವಾದ ಸಂಗತಿ: ತಾಯಿಯೋ, ಅಜ್ಜಿಯೋ, ಮಾಸ್ತರರೋ, ನೆರೆಯವರೋ, ತಮ್ಮನ್ನು ಕೈಬಿಡದ ಒಬ್ಬ ಹಿರಿಯರು ಅವರ ಬಾಳಿನಲ್ಲಿದ್ದರು. ಹತ್ತು ಜನ ಬೇಕಾಗಿಲ್ಲ, ಒಬ್ಬರು ಸಾಕು. ಆದರೆ ಆ ಒಬ್ಬರು ಇರಲೇಬೇಕು.

ನಂಬಿಕೆಯ ಮಾತಿಗೆ ಇನ್ನೊಂದು ದೇಶದ ಉದಾಹರಣೆ ಕೊಡುತ್ತೇನೆ. 1920ರಲ್ಲಿ ಉಕ್ರೇನಿನ ಪೋಲ್ಟಾವಾ ನಗರದ ಹತ್ತಿರ ಮಕರೆಂಕೊ ಎಂಬ ಮಾಸ್ತರರು, ಯುದ್ಧ ಮತ್ತು ಕ್ಷಾಮಗಳಲ್ಲಿ ದಿಕ್ಕೆಟ್ಟು ಕಳ್ಳತನಕ್ಕಿಳಿದ ಹುಡುಗರಿಗಾಗಿ ಒಂದು ವಸತಿಯನ್ನು ನಡೆಸಲಾರಂಭಿಸಿದರು. ಮುಂದೆ ಅವರೇ ಬರೆದ ಗ್ರಂಥದಲ್ಲಿ ಕರಬಾನೊವ್ ಎಂಬ ಹುಡುಗನ ಪ್ರಸಂಗ ಬರುತ್ತದೆ. ಹಿಂದೆ ದರೋಡೆಕಾರರ ಸಂಗಡವಿದ್ದ ಆ ಹುಡುಗನನ್ನು ಕರೆದು, ಕುದುರೆ ಕೊಟ್ಟು, ಪಟ್ಟಣಕ್ಕೆ ಹೋಗಿ ವಸತಿಯ ಐನೂರು ರೂಬಲ್ ಹಣ ತೆಗೆದುಕೊಂಡು ಬಾ ಎಂದು ಕಳಿಸಿದರು. ಹುಡುಗ ದಿಗಿಲುಬಿದ್ದ, ಹೋದ, ಪೂರ್ತಿ ಹಣ ತಂದುಕೊಟ್ಟ. ಕೆಲವು ದಿನಗಳ ಮೇಲೆ ಎರಡು ಸಾವಿರ ರೂಬಲ್ ತರಲು ಕಳಿಸಿದರು. ಅದನ್ನೂ ತಂದ. ಆ ಪಾತ್ರಕ್ಕೆ ಮೂಲನಾದ ತರುಣ ಮುಂದೆ ತಾನೇ ಇಂಥ ಮಕ್ಕಳ ಮನೆಗಳನ್ನು ನಡೆಸುವ ಮಾಸ್ತರನಾದ. ಉಕ್ರೇನಿನ ಆ ಕುದುರೆಯ ದಾರಿಗೂ ನಮ್ಮ ಕುಂದಗೋಳದ ನಿಲ್ದಾಣದ ದಾರಿಗೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

ಹೀಗೆಂದು ಬಂದ ದಿನವೇ ಹುಡುಗನ ಕೈಗೆ ಹಣದ ಪೆಟ್ಟಿಗೆ ಕೊಡಿರೆಂದು ನಾನು ಹೇಳುತ್ತಿಲ್ಲ. ಮೊದಲು ಅಂಗಳದ ಗಿಡಕ್ಕೆ ನೀರು ಹಾಕುವುದು, ಆಮೇಲೆ ಉಗ್ರಾಣದ ಕೀಲಿ, ಆಮೇಲೆ ಸಣ್ಣ ಹುಡುಗರನ್ನು ಸಾಲೆಗೆ ಮುಟ್ಟಿಸುವುದು. ಜವಾಬ್ದಾರಿಯೂ ಔಷಧದಂತೆ, ಪ್ರಮಾಣ ನೋಡಿ ಕೊಡಬೇಕು. ಇಂದಿನ ನಿಯಮಗಳೂ ಇದನ್ನೇ ಬಯಸುತ್ತವೆ. ಪ್ರತಿಯೊಬ್ಬ ಹುಡುಗನಿಗೂ ಅವನ ಸ್ವಭಾವ, ಅವನ ಮನೆ, ಅವನ ಇಚ್ಛೆಗಳನ್ನು ತಿಳಿದು ಬೇರೆ ಬೇರೆ ಯೋಜನೆ ಬರೆಯಬೇಕು. ಸಂಸ್ಥೆಯ ದಿನಚರಿ, ಊಟದ ವಿಷಯಗಳಲ್ಲಿ ಮಕ್ಕಳದೇ ಸಮಿತಿಗಳ ಮಾತು ಕೇಳಬೇಕು. ಯಾವ ಮಗುವನ್ನೂ ಹೊಡೆಯಕೂಡದು. ಕಾಗದದಲ್ಲಿರುವ ಈ ಮಾತು ಎಲ್ಲ ಕಡೆಗೂ ಹಾಗೆಯೇ ನಡೆಯುತ್ತಿದೆ ಎಂದು ಹೇಳಲಾರೆ. ನಡೆಯುವುದೂ ಬಿಡುವುದೂ ಬಹುಮಟ್ಟಿಗೆ ಊರ ಜನ ಆ ಮನೆಯ ಕಡೆ ಕಣ್ಣಿಟ್ಟಿದ್ದಾರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಯಾರೂ ನೋಡದ ಮನೆಯಲ್ಲಿ ಕಸ ಬೀಳುವುದು ಸಹಜ.

ಈಗ ಎಲ್ಲಕ್ಕಿಂತ ಕಷ್ಟದ ದಿನದ ಮಾತಿಗೆ ಬರುತ್ತೇನೆ. ಅದು ಬಾಲಮಂದಿರಕ್ಕೆ ಬಂದ ದಿನವಲ್ಲ, ಬಿಡುವ ದಿನ. ನಮ್ಮ ಮನೆಯ ಮಕ್ಕಳಿಗೆ ಹದಿನೆಂಟು ತುಂಬಿದರೆ ಸಿಹಿ ಮಾಡುತ್ತೇವೆ. ಆ ಹುಡುಗನಿಗೆ ಅದೇ ದಿನ ಸೂರು ಹೋಗುತ್ತದೆ. ಕಾಯಿದೆ ಇದನ್ನು ಅರಿತು, ಇಪ್ಪತ್ತೊಂದು ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಇಪ್ಪತ್ತಮೂರರವರೆಗೆ, ಅನುಪಾಲನೆಯ ಅವಕಾಶ ಕಲ್ಪಿಸಿದೆ. ಅನುಪಾಲನಾ ಗೃಹಗಳಿವೆ, ಹಣದ ನೆರವಿದೆ. ಆದರೆ ಸರಕಾರ ಬಾಡಿಗೆಯ ಹಣ ಕೊಟ್ಟೀತು. ಬಾಡಿಗೆಗೆ ಕೋಲಿ ಕೊಡಬೇಕಾದವರು ನೀವು. ತರಬೇತಿಯ ಪ್ರಮಾಣಪತ್ರ ಕೊಟ್ಟೀತು. ಕೆಲಸ ಕೊಡಬೇಕಾದವರು ನೀವು. 'ತಂದೆಯ ಹೆಸರೇನು, ಯಾವ ಊರು, ಯಾರ ಪೈಕಿ' ಎಂದು ಕೇಳುವುದು ನಮ್ಮ ಕಡೆಯ ಮರ್ಯಾದೆ. ಬಹಳ ಜನರಿಗೆ ಸುಲಭವಾದ ಈ ಮೂರು ಪ್ರಶ್ನೆಗಳು ಆ ತರುಣನಿಗೆ ಮೂರು ಅಗಸಿಗಳಂತೆ ಅಡ್ಡ ನಿಲ್ಲುತ್ತವೆ.

ಹಾಗಾದರೆ ಪಟ್ಟಣದ ಮನೆಗಳಲ್ಲಿರುವ ನಾವು ಮಾಡಬಹುದಾದದ್ದೇನು? ಮಾತು ಸಣ್ಣದು, ಮಾಡಲು ಸಾಧ್ಯವಾದದ್ದು. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾಯಿತು. ಜಗತ್ತಿನಲ್ಲಿಯೇ ಉದ್ದವಾದದ್ದೆಂದು ಅದರ ಖ್ಯಾತಿ. ಅಷ್ಟುದ್ದದ ಕಟ್ಟೆಯ ಯಾವುದೋ ಮೂಲೆಯಲ್ಲಿ ಒಬ್ಬನೇ ಕುಳಿತ ಹುಡುಗ ಕಂಡರೆ, ನಾಲ್ಕು ರೂಪಾಯಿ ಕೊಟ್ಟು ಮುಂದೆ ಹೋಗಬೇಡಿರಿ, ಮನೆಗೆಲಸಕ್ಕಾದಾನೆಂದು ಕರೆದೊಯ್ಯಲೂ ಬೇಡಿರಿ. 1098 ಎಂಬ ಸಂಖ್ಯೆಗೆ ಫೋನ್ ಮಾಡಿರಿ. ಹಗಲಿರಲಿ ರಾತ್ರಿಯಿರಲಿ, ಖರ್ಚಿಲ್ಲ. ಅವರು ಬರುವತನಕ ಪಕ್ಕದಲ್ಲಿ ಕೂತು ಊಟವಾಯಿತೇ ಎಂದು ಕೇಳಿರಿ.

ಬಾಲಮಂದಿರಗಳಿಗೆ ಹುಟ್ಟುಹಬ್ಬದ ದಿನ ಸಿಹಿ ಹಂಚಿ, ಭಾವಚಿತ್ರ ತೆಗೆಸಿಕೊಂಡು ಬರುವವರಿದ್ದಾರೆ. ಅವರ ಮನಸ್ಸು ಒಳ್ಳೆಯದು. ಆದರೆ ಆ ಮಕ್ಕಳ ಮುಖವನ್ನೂ ಹೆಸರನ್ನೂ ಪ್ರಕಟಿಸಕೂಡದೆಂದು ಕಾನೂನೇ ಇದೆ; ನಾಳೆ ಅದೇ ಭಾವಚಿತ್ರ ಅವರ ಮದುವೆಗೆ, ನೌಕರಿಗೆ ಅಡ್ಡ ಬಂದೀತು. ವರ್ಷಕ್ಕೊಮ್ಮೆ ಸಿಹಿ ಒಯ್ಯುವುದಕ್ಕಿಂತ, ಅಲ್ಲಿಯ ಅಧಿಕಾರಿಗಳ ಒಪ್ಪಿಗೆ ಪಡೆದು, ವಾರಕ್ಕೊಂದು ತಾಸು ತಪ್ಪದೆ ಹೋಗಿ ಗಣಿತವನ್ನೋ, ಹೊಲಿಗೆಯನ್ನೋ, ತಬಲವನ್ನೋ ಹೇಳಿಕೊಡುವವರು ಹೆಚ್ಚಿನ ಉಪಕಾರ ಮಾಡುತ್ತಾರೆ. ಬರುತ್ತೇನೆಂದು ಹೇಳಿ ಬಾರದೆ ಇರುವುದಾದರೆ ಹೇಳಲೇಬೇಡಿರಿ. ಆ ಮಕ್ಕಳಿಗೆ ಅಂಥ ಮಾತುಗಳ ಅನುಭವ ಬೇಕಾದಷ್ಟಾಗಿದೆ.

ಹಳ್ಳಿಗೆ ತಿರುಗಿ ಹೋಗುವ ಹುಡುಗರ ವಿಷಯದಲ್ಲಿ ಊರ ಹಿರಿಯರ ಹೊಣೆ ದೊಡ್ಡದು. ಊರಿನಲ್ಲಿ ಏನು ಕಳೆದರೂ ಮೊದಲು ಅವನ ಮನೆಯ ಬಾಗಿಲು ಬಡಿಯುವುದಾದರೆ, ಅವನು ತಿದ್ದಿಕೊಂಡ ಫಲವೇನು? ಬಾಲ್ಯದಲ್ಲಿ ಮಾಡಿದ ತಪ್ಪು ಮುಂದಿನ ಬಾಳಿಗೆ ಕಳಂಕವಾಗಬಾರದೆಂದು, ಕೆಲವು ಘೋರ ಪ್ರಸಂಗಗಳ ಹೊರತು, ದಾಖಲೆಯನ್ನೇ ಅಳಿಸಿಹಾಕಬೇಕೆಂದು ಕಾಯಿದೆ ಹೇಳುತ್ತದೆ. ಕಚೇರಿಯ ಕಾಗದ ಅಳಿಸುವುದು ಸುಲಭ. ಚಾವಡಿಯ ನೆನಪನ್ನು ಅಳಿಸಬೇಕಾದವರು ಚಾವಡಿಯಲ್ಲಿ ಕೂಡುವವರೇ.

ಇನ್ನು ನಮ್ಮ ನಮ್ಮ ಮನೆಯ ಮಾತು. ಹುಡುಗ ಮುಖ ತಿರುಗಿಸಿದನೆಂದು ನಾವೂ ಮುಖ ತಿರುಗಿಸಿದರೆ ಅವನಿಗೆ ನೋಡಲು ಬಾಗಿಲೊಂದೇ ಉಳಿಯುತ್ತದೆ. ಅವನ ನೆಪಗಳಿಗೆ ಸಿಟ್ಟಾಗುವ ಮೊದಲು ಕಾರಣವನ್ನು ಹುಡುಕೋಣ. ಬಾಲಮಂದಿರದ ಹೆಸರು ಹೇಳಿ ಅವನನ್ನು ಹೆದರಿಸುವುದನ್ನು ಇಂದಿನಿಂದಲೇ ಬಿಡೋಣ. ಅಲ್ಲಿಯೂ ನಮ್ಮವೇ ಮಕ್ಕಳಿದ್ದಾರೆ, ಅವರ ಕಿವಿಗೂ ಆ ಮಾತು ಬೀಳುತ್ತದೆ. ಮತ್ತು ಮುಂದೊಂದು ದಿನ ಹದಿನೆಂಟು ತುಂಬಿದ ತರುಣನೊಬ್ಬ ನಿಮ್ಮ ಅಂಗಡಿಗೋ ಕಾರ್ಖಾನೆಗೋ ಬಂದು, ಕೆಲಸ ಬಲ್ಲೆ, ಆದರೆ ಜಾಮೀನು ನಿಲ್ಲುವವರು ಯಾರೂ ಇಲ್ಲ ಎಂದು ಹೇಳಿದರೆ, ಒಂದು ತಿಂಗಳು ಅವನನ್ನು ಇಟ್ಟುಕೊಂಡು ನೋಡಿರಿ. ಕೂಲಿಯನ್ನು ಉಳಿದವರಿಗೆ ಕೊಟ್ಟಷ್ಟೇ ಕೊಡಿರಿ. ಸಂಜೆ ಅಂಗಡಿ ಮುಚ್ಚುವಾಗ ಕೀಲಿಯನ್ನು ಯಾವಾಗ ಅವನ ಕೈಗೆ ಕೊಡಬಹುದೆಂಬುದು ನಿಮಗೇ ತಿಳಿಯುತ್ತದೆ.